ಅರ್ಧ ಹೆಸರು

ಫೋನು ಬಂದಾಗ ನಾನು ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದೆ. ಎರಡೂ ಕೈಗೆ ಹಿಟ್ಟು ಮೆತ್ತಿತ್ತು, ಅದಕ್ಕೇ ಮೊದಲ ಸಲ ಎತ್ತಲಿಲ್ಲ. ನಮ್ಮತ್ತೆ ಕಲ್ಲಮ್ಮನವರು ಒಂದು ಸಲ ರಿಂಗ್ ಮಾಡಿ ಸುಮ್ಮನಾಗುವವರು. ನಾನು ಬಿಡುವಾದಾಗ ಮಾಡುತ್ತೇನೆ ಅಂತ ಅವರಿಗೆ ಗೊತ್ತು. ಆವತ್ತು ಮಾತ್ರ ಫೋನು ನಿಂತು ಮತ್ತೆ ಹೊಡೆದುಕೊಂಡಿತು, ನಿಂತು ಮತ್ತೆ ಹೊಡೆದುಕೊಂಡಿತು. ಕಿರುಬೆರಳಲ್ಲಿ ಒತ್ತಿ ಸ್ಪೀಕರ್ ಹಾಕಿದೆ.

"ಪಲ್ಲವಿ, ಮಗೂಗೆ ಚೇಳು ಹೊಡೆದೈತೆ ಕಣೇ," ಅಂದರು ಅತ್ತೆ.

ಅವರ ದನಿಯ ಹಿಂದೆ ಭೂಮಿಕಾ ಅಳುತ್ತಿದ್ದಳು. ಬಿದ್ದಾಗಿನ ಅಳು, ಹಟದ ಅಳು, ನಿದ್ದೆಗಣ್ಣಿನ ಅಳು, ಎಲ್ಲ ನನಗೆ ಬೇರೆ ಬೇರೆಯಾಗಿ ಗೊತ್ತು. ಇದು ಅವು ಯಾವುದೂ ಅಲ್ಲ.

ಭೂಮಿಕಾ ನಮ್ಮ ಒಬ್ಬಳೇ ಮಗಳು, ಒಂದನೇ ಕ್ಲಾಸು. ದಸರಾ ರಜೆಗೆ ಅಜ್ಜಿಮನೆಗೆ ಹೋಗಿದ್ದಳು. ಅಜ್ಜಿಮನೆ ಇರುವುದು ಕುಣಿಗಲ್ ದೊಡ್ಡಕೆರೆಯ ಹಿಂದಿನ ಊರಿನಲ್ಲಿ. ನಾವಿರುವುದು ತುಮಕೂರಿನಲ್ಲಿ. ಆವತ್ತು ನಮ್ಮ ಮಾವ ಏಕಾಂತಯ್ಯನವರು ಕೊಬ್ಬರಿ ಹಾಕಲು ತಿಪಟೂರಿನ ಮಂಡಿಗೆ ಹೋಗಿದ್ದರು. ಮನೆಯಲ್ಲಿ ಅತ್ತೆ, ಮಗು ಇಬ್ಬರೇ. ಎಲ್ಲಿ ಹೊಡೆಯಿತು ಅಂದರೆ ಹಿತ್ತಲಲ್ಲಿ ಅಂದರು. ಬೆರಳಿಗೆ ಅಂದರು. ಆಟೋ ಬಂತು, ಕುಣಿಗಲ್ಲಿಗೆ ಕರಕೊಂಡು ಹೋಗುತ್ತಿದ್ದೇನೆ, ನೀನು ಹೊರಡು ಅಂದರು. ನಾನು ಕೇಳಿದ್ದು ಒಂದೇ ಮಾತು.

"ಅತ್ತೆ, ಹಣೆ ಬೆವರಿದೆಯಾ ನೋಡಿ."

ಇಲ್ಲ ಅಂದರು. ಆಮೇಲೆ ಫೋನು ಕಟ್ಟಾಯಿತು.

ಹಾಗೆ ಯಾಕೆ ಕೇಳಿದೆ ಅಂತ ಹೇಳಬೇಕು. ನನ್ನ ತವರು ಗುಬ್ಬಿ. ನಾನು ಭೂಮಿಕಾನಷ್ಟೇ ಇದ್ದಾಗ ನಮ್ಮ ಪಕ್ಕದ ಮನೆಯಲ್ಲಿ ಮಲ್ಲಿಕಾರ್ಜುನ್ ಅಂತ ಒಬ್ಬ ಹುಡುಗ ಇದ್ದ. ಕೊಟ್ಟಿಗೆಯ ಹಂಚು ಎತ್ತುವಾಗ ಅವನಿಗೆ ಕೆಂಪು ಚೇಳು ಹೊಡೆಯಿತು. ಮೈ ನಡುಗುವ ಚಳಿಗಾಲ. ಅವನನ್ನು ಜಗಲಿಯ ಮೇಲೆ ಮಲಗಿಸಿದ್ದರು, ಹಣೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಯಾರೋ ನೀರು ಚಿಮುಕಿಸಿದ್ದಾರೆ ಅಂದುಕೊಂಡು ನಾನು ಮುಟ್ಟಿ ನೋಡಿದೆ. ಹಣೆ ತಣ್ಣಗೆ ಕೊರೆಯುತ್ತಿತ್ತು. ಸಂಜೆ ಆ ಮನೆಯಿಂದ ಕೇಳಿದ ಅಳು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಇವತ್ತಿಗೂ ನಾನು ಚಪ್ಪಲಿ ಕೊಡವದೆ ಮೆಟ್ಟುವುದಿಲ್ಲ, ಮಗುವಿನ ಫ್ರಾಕು ಜಾಡಿಸದೆ ಹಾಕುವುದಿಲ್ಲ. ಇವರು ನಗುತ್ತಾರೆ. ತುಮಕೂರಿನ ಮೂರನೇ ಮಹಡಿಗೆ ಚೇಳು ಲಿಫ್ಟಲ್ಲಿ ಬರುತ್ತಾ ಅನ್ನುತ್ತಾರೆ.

ಇವರು, ನನ್ನ ಯಜಮಾನರು ಗುರುಪ್ರಕಾಶ್, ಕೋರದ ಕಡೆಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾರೆ. ಶಿಫ್ಟಿನಲ್ಲಿದ್ದರೆ ಫೋನು ಲಾಕರಿನಲ್ಲಿರುತ್ತೆ. ಫ್ಯಾಕ್ಟರಿ ಗೇಟಿನ ಸೆಕ್ಯುರಿಟಿಯವರಿಗೆ ಫೋನಿನಲ್ಲಿ ಹೇಳಿ, ಜರಡಿಯನ್ನು ಹಾಗೇ ಬಿಟ್ಟು, ಮನೆಗೆ ಬೀಗ ಹಾಕಿ ಬಸ್‌ಸ್ಟ್ಯಾಂಡಿಗೆ ಓಡಿದೆ. ಬಸ್ಸಿನಲ್ಲಿ ಕೂತ ಮೇಲೆ ಮೊಣಕೈವರೆಗೂ ಹಿಟ್ಟಿರುವುದು ಕಂಡಿತು.

ಬಸ್ಸು ಎಲ್ಲ ಕಡೆ ನಿಲ್ಲಿಸಿಕೊಂಡು ಹೋಯಿತು. ಹೆಬ್ಬೂರಿನಲ್ಲಿ ಸಂತೆಯಂಥ ಜನ ಹತ್ತಿದರು. ಪಕ್ಕದಲ್ಲಿ ಕೂತಿದ್ದ ಹಾಲಿನ ಕ್ಯಾನಿನ ಹೆಂಗಸು ನನ್ನ ಮುಖ ನೋಡಿ ಏನನ್ನೂ ಕೇಳದೆ ನೀರಿನ ಬಾಟಲಿ ಮುಂದೆ ಹಿಡಿದಳು. ನಾನು ಮತ್ತೆ ಮತ್ತೆ ಅತ್ತೆಗೆ ಫೋನು ಮಾಡುತ್ತಿದ್ದೆ. ನರ್ಸಿಂಗ್ ಹೋಮಿಗೆ ಬಂದಿದ್ದೀವಿ ಅಂದರು. ಡಾಕ್ಟರು ಮಾತ್ರೆ ಕೊಟ್ಟರು ಅಂದರು. ಐಸ್ ಇಟ್ಟಿದ್ದಾರೆ, ಐಸ್ ಇಟ್ಟಷ್ಟೂ ಜಾಸ್ತಿ ಕಿರುಚುತ್ತಾಳೆ ಅಂದರು. ಪ್ರತಿ ಸಲವೂ ನಾನು ಹಣೆಯ ವಿಷಯ ಕೇಳುತ್ತಿದ್ದೆ. ಪ್ರತಿ ಸಲವೂ ಒಣಗಿದೆ ಅನ್ನುತ್ತಿದ್ದರು. ನನಗೆ ನಂಬಿಕೆ ಬರಲಿಲ್ಲ. ನಾನು ಹೆದರುತ್ತೇನೆ ಅಂತ ಸುಳ್ಳು ಹೇಳುತ್ತಿದ್ದಾರೆ ಅನಿಸಿತು.

ಕುಣಿಗಲ್ಲಿನದು ಚಿಕ್ಕ ನರ್ಸಿಂಗ್ ಹೋಂ. ಒಳಗೆ ಹೋಗುವ ಮೊದಲೇ ಅವಳ ದನಿ ಕೇಳಿಸಿತು. ಕಾಲಿಗೆ ಬಲ ಬಂತು. ಅಳುತ್ತಿದ್ದಾಳೆ, ಅಂದರೆ ಇದ್ದಾಳೆ.

ಮೊದಲು ಹಣೆ ಮುಟ್ಟಿದೆ. ಒಣಗಿತ್ತು, ಬೆಚ್ಚಗಿತ್ತು. ಅತ್ತೆ ಸುಳ್ಳು ಹೇಳಿರಲಿಲ್ಲ. ಆಮೇಲೆ ಬಲಗೈ ಎತ್ತಿ ನೋಡಿದೆ. ತೋರುಬೆರಳು ಮಾಗಿದ ಬದನೆಕಾಯಿಯ ಹಾಗೆ ಊದಿ ಹೊಳೆಯುತ್ತಿತ್ತು, ಬಾವು ಮಣಿಕಟ್ಟಿಗೆ ಇಳಿದಿತ್ತು. ಬೆರಳಿನ ಬುಡದಲ್ಲಿ ಒಂದು ತೂತು, ಅದರ ಸುತ್ತ ಒಣಗಿದ ರಕ್ತ. ಅವಳು ನನ್ನ ನೋಡಿ ಅಳು ನಿಲ್ಲಿಸಿ, "ಅಮ್ಮ, ಐಸ್ ಬೇಡ ಅಂತ ಹೇಳಮ್ಮ," ಅಂದಳು. ಆಮೇಲೆ ಮತ್ತೆ ಶುರುಮಾಡಿದಳು.

ಡಾಕ್ಟರ ಹೆಸರು ಅಂಜನ್‌ಕುಮಾರ್. ಇನ್ನೂ ಚಿಕ್ಕ ವಯಸ್ಸು, ಮಾತು ಮೆತ್ತಗೆ. ನನ್ನನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದರು. ಕೆಂಪು ಚೇಳಿನ ವಿಷ ಮಕ್ಕಳಿಗೆ ಹೃದಯಕ್ಕೆ ಹೋಗುತ್ತೆ, ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ಅವನ್ನು ಸಡಿಲ ಮಾಡುವ ಮಾತ್ರೆ ಕೊಟ್ಟಿದ್ದೇನೆ, ರಾತ್ರಿಯೆಲ್ಲ ನೋಡಬೇಕು, ಮಗು ಎದ್ದು ಕೂರಬಾರದು. ಒಂದು ವಿಷಯ ಮಾತ್ರ ಅವರಿಗೆ ಹೊಂದುತ್ತಿರಲಿಲ್ಲ. ಚೇಳು ಹೊಡೆದರೆ ಇಷ್ಟು ರಕ್ತ ಬರುವುದಿಲ್ಲವಲ್ಲ ಅಂದರು. ಅತ್ತೆ, ಕೈ ಒದರುವಾಗ ಒಗೆಯೋ ಕಲ್ಲಿಗೆ ತಾಗಿರಬೇಕು ಅಂದರು. ಸೌದೆ ಒಟ್ಟಿಲು ಅಲ್ಲೇ ಇದೆ, ಅದರಲ್ಲಿ ಚೇಳು ಇದ್ದೇ ಇರುತ್ತವೆ ಅಂದರು. ಡಾಕ್ಟರು ತಲೆಯಾಡಿಸಿದರು. ನಾನೂ ತಲೆಯಾಡಿಸಿದೆ.

ಅತ್ತೆ ಕಾರಿಡಾರಿನ ಬೆಂಚಿನಲ್ಲಿ ಕೂತು ಕೊರಳಿನ ಲಿಂಗವನ್ನು ಅಂಗೈಯಲ್ಲಿ ಹಿಡಿದುಕೊಂಡುಬಿಟ್ಟರು. ನನ್ನ ಮುಖ ನೋಡಲೂ ಅವರಿಗೆ ಭಯ. ಅವರ ಮಡಿಲಲ್ಲಿದ್ದಾಗ ಆದದ್ದಲ್ಲವೇ. ನಾನು ಹೋಗಿ ಅವರ ಭುಜ ಮುಟ್ಟಿದೆ.

ಸ್ವಲ್ಪ ಹೊತ್ತಾದ ಮೇಲೆ ಭೂಮಿಕಾ ಉಚ್ಚೆಗೆ ಹೋಗಬೇಕು ಅಂದಳು. ಹಾಸಿಗೆಯಲ್ಲೇ ಪ್ಯಾನ್ ಇಡುತ್ತೇವೆ ಅಂದರು ನರ್ಸಮ್ಮ. ಅವಳಿಗೆ ನಾಚಿಕೆ, ಕಾಲು ಬಿಗಿದುಕೊಂಡು ಅಳತೊಡಗಿದಳು. ಎರಡು ಹೆಜ್ಜೆಯ ದೂರದಲ್ಲಿ ಬಚ್ಚಲು. ಎತ್ತಿಕೊಂಡು ಹೋದರೆ ಏನಾಗುತ್ತೆ ಅಂದುಕೊಂಡು ಎತ್ತಿದೆ. ಬಚ್ಚಲಲ್ಲಿ ಕಾಲು ಊರಿಸಿ ನಿಲ್ಲಿಸಿದೆ ಅಷ್ಟೇ. ಅವಳ ತುಟಿ ಬಿಳಿಚಿತು, ಕಣ್ಣು ಮೇಲಕ್ಕೆ ಹೋಯಿತು, ಒದ್ದೆ ಬಟ್ಟೆ ಹಗ್ಗದಿಂದ ಜಾರುವ ಹಾಗೆ ನನ್ನ ತೋಳಿನಿಂದ ಜಾರಿದಳು.

ನಾನು ಏನಂತ ಕೂಗಿದೆನೋ ಗೊತ್ತಿಲ್ಲ. ಡಾಕ್ಟರು ಓಡಿಬಂದರು. ಮಲಗಿಸಿ ಕಾಲು ಮೇಲೆತ್ತಿದರು, ಡ್ರಿಪ್ ಜೋರು ಮಾಡಿದರು, ಬಿ.ಪಿ. ನೋಡಿದರು, ಮತ್ತೆ ನೋಡಿದರು. ಭೂಮಿಕಾ ಕಣ್ಣು ಬಿಟ್ಟಳು. ಆದರೆ ಈಗ ಅಳುತ್ತಿರಲಿಲ್ಲ. ಅಳದೇ ಇದ್ದದ್ದಕ್ಕೆ ನನಗೆ ಇನ್ನೂ ಹೆಚ್ಚು ಭಯವಾಯಿತು.

ಡಾಕ್ಟರು ಮುಚ್ಚಿಡಲಿಲ್ಲ. ಬಿ.ಪಿ. ತುಂಬಾ ಇಳಿದಿದೆ ಅಂದರು. ಮಾತ್ರೆಯಿಂದಲೂ ಹೀಗಾಗಬಹುದು, ವಿಷದಿಂದ ಹೃದಯ ಸೋತಿದ್ದರೂ ಆಗಬಹುದು, ಎರಡರಲ್ಲಿ ಯಾವುದು ಅಂತ ಹೇಳುವ ಸೌಕರ್ಯ ನಮ್ಮಲ್ಲಿಲ್ಲ. ಮಾತ್ರೆಯಿಂದ ಆದದ್ದಾದರೆ ಮತ್ತೆ ಕೊಡಬಾರದು. ವಿಷದಿಂದ ಆದದ್ದಾದರೆ ಸುಮ್ಮನೆ ಬಿಡುವ ಹಾಗಿಲ್ಲ. ಬೆಂಗಳೂರಿಗೆ ಕಳಿಸುತ್ತೇನೆ, ಆ್ಯಂಬುಲೆನ್ಸ್ ಹೇಳಿದ್ದೇನೆ. ಬರುವವರೆಗೂ ನಿದ್ದೆ ಹೋಗಲು ಬಿಡಬೇಡಿ.

"ಮಾತಾಡಿಸ್ತಾ ಇರಿ ಅಮ್ಮ," ಅಂದರು. "ಏನಾದ್ರೂ ಕೇಳ್ತಾ ಇರಿ."

ನಾನು ಅವಳ ತಲೆಯ ಹತ್ತಿರ ಕೂತೆ. ಏನು ಕೇಳಲಿ? ಬಾಯಿಗೆ ಬಂದದ್ದೆಲ್ಲ ಕೇಳಿದೆ. ಅಜ್ಜಿ ಏನು ತಿಂಡಿ ಮಾಡಿದ್ದರು, ಕರು ಎಷ್ಟು ದೊಡ್ಡದಾಗಿದೆ, ಗೊಂಬೆಗೆ ಯಾವ ಬಟ್ಟೆ ಹಾಕಿದೆ. ಅವಳು ಹೂಂ ಅಂದಳು, ಆಮೇಲೆ ಹೂಂ ಅನ್ನುವುದನ್ನೂ ಬಿಟ್ಟಳು. ರೆಪ್ಪೆ ಮುಚ್ಚತೊಡಗಿತು. ಬೇರೆ ದಾರಿಯಿಲ್ಲದೆ ನಾನು ಚೇಳಿನ ಮಾತನ್ನೇ ಹಿಡಿದೆ.

"ಭೂಮಿ, ಆ ಚೇಳಿಗೆ ನೀನು ಏನ್ ಮಾಡ್ದೆ? ಯಾಕ್ ಹೊಡೀತು ಅದು?"

ಅವಳು ಕಣ್ಣು ತೆರೆದಳು.

"ಏನೂ ಮಾಡ್ಲಿಲ್ಲ ಕಣಮ್ಮ. ಪಾಪ, ಅದು ಬಾಯ್ ಬಾಯ್ ಬಿಡ್ತಾ ಇತ್ತು. ನೀರು ಬೇಕಿತ್ತು ಅದಕ್ಕೆ."

ಅತ್ತೆ ಬಾಗಿಲಲ್ಲಿ ಬಂದು ನಿಂತಿದ್ದರು. ಮಗು ಬಡಬಡಿಸುತ್ತಿದೆ, ವಿಷ ತಲೆಗೇರಿದೆ ಅಂತ ಸೆರಗು ಬಾಯಿಗೆ ಒತ್ತಿಕೊಂಡರು. ನನಗೂ ಹಾಗೇ ಅನಿಸಿತ್ತು. ಗುಬ್ಬಿಯ ಆ ಹುಡುಗ ಕೊನೆಗೆ ಏನೇನೋ ಮಾತಾಡಿದ್ದ ಅಂತ ನಮ್ಮಮ್ಮ ಹೇಳುತ್ತಿದ್ದರು. ಡಾಕ್ಟರನ್ನು ಕೂಗಬೇಕು ಅಂತ ಬಾಯಿ ತೆರೆದೆ. ಆದರೆ ಮಾತಾಡಿಸುತ್ತಿರಿ ಅಂದಿದ್ದರಲ್ಲ. ಮಾತು ತಪ್ಪಾದರೂ ಮಾತೇ. ಅದು ನಿಲ್ಲುವುದು ನನಗೆ ಬೇಡವಾಗಿತ್ತು.

"ಆಮೇಲೆ?" ಅಂದೆ.

"ಕೆನ್ನೆ ಹತ್ರ ತೆಗ್ದು ಮುಚ್ಚಿ, ತೆಗ್ದು ಮುಚ್ಚಿ ಮಾಡ್ತಿತ್ತು. ಆಮೇಲೆ ಸುಮ್ನಾಯ್ತು. ಸತ್ತೋಯ್ತು ಅನ್ಕೊಂಡೆ. ಮೀಸೆ ಮುಟ್ಟಿದೆ."

"ಮೀಸೆನಾ?"

"ಹೂಂ. ಎಂಟು ಮೀಸೆ."

ಎಂಟು. ಚೇಳಿಗೆ ಎಂಟು ಕಾಲು. ಲೆಕ್ಕ ಸರಿಯಿದೆ, ಕಾಲಿಗೆ ಮೀಸೆ ಅನ್ನುತ್ತಿದ್ದಾಳೆ, ಅಂದರೆ ಇನ್ನೂ ಬುದ್ಧಿ ನೆಟ್ಟಗಿದೆ ಅಂದುಕೊಂಡೆ. ಆ ಒಂದು ಎಳೆ ಹಿಡಿದುಕೊಂಡು, ಹೋಂವರ್ಕ್ ಮಾಡಿಸುವ ಹಾಗೆ, ಅವಸರ ಮಾಡದೆ ಕೇಳಿದೆ.

"ಮೀಸೆ ಎಂಟು. ಹಂಗಾದ್ರೆ ಕಾಲೆಷ್ಟು?"

ಅವಳು ನನ್ನ ಕಡೆ ನೋಡಿದ ನೋಟ ನಾನು ಮರೆಯಲಾರೆ. ಅಷ್ಟು ಸಂಕಟದಲ್ಲೂ, ಇಷ್ಟೂ ಗೊತ್ತಿಲ್ಲವಾ ಈ ಅಮ್ಮನಿಗೆ ಅನ್ನುವ ನೋಟ.

"ಚೇಳಿಗೆ ಕಾಲಿರಲ್ಲ ಕಣಮ್ಮ."

"ಮತ್ತೆ ಹೆಂಗ್ ಓಡಾಡುತ್ತೆ?"

"ಈಜುತ್ತೆ," ಅಂದಳು.

ನಾನು ಅವಳ ಕಿವಿಯ ಹತ್ತಿರ ಬಾಗಿ, ಯಾರ ಹಿತ್ತಲಲ್ಲಿ ಆಡುತ್ತಿದ್ದೆ ಅಂತ ಕೇಳಿದೆ. ಅವಳು ಅಜ್ಜಿಯ ಕಡೆ ನೋಡಿದಳು. ಅತ್ತೆಗೆ ಸ್ವಲ್ಪ ಆಚೆ ಇರಿ ಅಂತ ಕಣ್ಣಿನಲ್ಲೇ ಹೇಳಿದೆ. ಅವರು ಗೋಡೆಯ ಆ ಕಡೆಗೆ ಸರಿದರು.

"ಅರುಣಾ ಮನೇದು," ಅಂದಳು ಮಗು. "ಅರುಣಾ ಅದಕ್ಕೆ ಚೇಳು ಅಂದ್ಲು. ನಾನು ಅಜ್ಜಿಗೆ ಸುಳ್ಳು ಹೇಳ್ಲಿಲ್ಲ ಕಣಮ್ಮ. ಚೇಳು ಅಂತಾನೇ ಹೇಳ್ದೆ."

"ಅದು ಮೀನಾ?"

ಅವಳು ಅಜ್ಜಿ ಸರಿದ ಗೋಡೆಯ ಕಡೆ ನೋಡಿದಳು.

"ಅಜ್ಜಿ ಮುಂದೆ ಮೀನು ಅನ್ಬಾರ್ದು ಅಲ್ವಾ."

ನಾನು ಎದ್ದು ಓಡಿದ್ದು ನೆನಪಿದೆ. ಡಾಕ್ಟರ ಕೋಣೆಯ ಬಾಗಿಲು ತಳ್ಳಿದ್ದು ನೆನಪಿದೆ. ಅವರು ಬೆಂಗಳೂರಿನ ಆಸ್ಪತ್ರೆಯವರ ಜೊತೆ ಫೋನಿನಲ್ಲಿದ್ದರು. ನಾನು ಚೇಳಲ್ಲ ಸಾರ್, ಮೀನು, ಮೀನಿಗೆ ಚೇಳು ಅಂತಾರಂತೆ ಅಂದೆ. ಅವರು ಫೋನು ಕಿವಿಯಿಂದ ಇಳಿಸಿದರು.

"ಚೇಳುಮೀನಾ?" ಅಂದರು. "ನಿಮ್ಮ ಮನೇಲಿ ಮೀನು ಹೆಂಗೆ ಬಂತು?"

ನಮ್ಮ ಮನೆಗಲ್ಲ, ಪಕ್ಕದ ಮನೆಗೆ ಅಂದೆ. ಅವರು ಹಣೆ ಬಡಿದುಕೊಂಡರು. ನಿಮ್ಮತ್ತೆಯ ಕತ್ತಿನ ಲಿಂಗ ನೋಡಿ ಮೀನಿನ ಪ್ರಶ್ನೆಯನ್ನೇ ಕೇಳಲಿಲ್ಲ ನಾನು ಅಂದರು. ಆಮೇಲೆ ಎಲ್ಲ ತಿರುಗಾಮುರುಗಾ ಆಯಿತು. ಐಸ್ ತೆಗೆಸಿದರು. ಬಿಸಿನೀರು ತರಲು ಹೇಳಿದರು. ಆ ಮೀನಿನ ವಿಷ ಬಿಸಿಗೆ ಕೆಡುತ್ತೆ, ಐಸ್ ಇಟ್ಟರೆ ಹಾಗೇ ಉಳಿಯುತ್ತೆ, ಅದಕ್ಕೇ ಮಗು ಬೇಡ ಬೇಡ ಅಂದದ್ದು. ಮೂರ್ಛೆ ಹೋದದ್ದು ಮಾತ್ರೆಯಿಂದಲೇ ಇರಬೇಕು, ಬೇಡದ ಮೈಗೆ ಮಾತ್ರೆ ಕೊಟ್ಟು ಬಿ.ಪಿ. ಇಳಿಸಿದ್ದೇನೆ ಅಂತ ಅವರೇ ಹೇಳಿದರು. ಆದರೆ ಒಂದು ಸಲ ಮೀನನ್ನು ಕಣ್ಣಾರೆ ನೋಡಬೇಕು, ಮಗುವಿನ ಮಾತೊಂದನ್ನೇ ನೆಚ್ಚಿಕೊಂಡು ನಾನು ಈ ಆ್ಯಂಬುಲೆನ್ಸ್ ವಾಪಸ್ ಕಳಿಸಲಾರೆ ಅಂದರು.

ಅರುಣಾಳ ತಾಯಿ ಕದರಮ್ಮ. ಅವಳ ಗಂಡ ಚಿಕ್ಕಮಾರಯ್ಯ ಕೆರೆಯಲ್ಲಿ, ಕಾಲುವೆಯಲ್ಲಿ ಮೀನು ಹಿಡಿಯುತ್ತಾನೆ, ಅವಳು ಕುಣಿಗಲ್ಲಿನ ಕೆರೆ ಏರಿಯ ಹತ್ತಿರ ಕೂತು ಮಾರುತ್ತಾಳೆ. ನಮ್ಮತ್ತೆಯ ಹಿತ್ತಲಿಗೂ ಅವರ ಹಿತ್ತಲಿಗೂ ನಡುವೆ ಒಂದು ಮೋಟು ಗೋಡೆ. ಅತ್ತೆ ಸೊಪ್ಪು, ಮಜ್ಜಿಗೆ ಆ ಗೋಡೆಯ ಮೇಲಿಂದ ಕೊಡುತ್ತಾರೆ, ಮದುವೆ ಮುಂಜಿಗೆ ಹೇಳಿ ಕಳಿಸುತ್ತಾರೆ. ಆದರೆ ಆ ಕಡೆಯಿಂದ ಬರುವ ವಾಸನೆಯ ಹೆಸರನ್ನು ಅವರು ಬಾಯಲ್ಲಿ ಆಡಿದ್ದು ನಾನು ಮದುವೆಯಾಗಿ ಬಂದಾಗಿನಿಂದ ಕೇಳಿಲ್ಲ. ಅದು ಅಂತಾರೆ, ಆ ಪದಾರ್ಥ ಅಂತಾರೆ. ಮಗು ಆ ಕಡೆ ಹೋಗಿ ಬಂದರೆ ಸ್ನಾನ ಮಾಡಿಸುತ್ತಾರೆ.

ಕದರಮ್ಮನ ನಂಬರು ಅತ್ತೆಯ ಫೋನಿನಲ್ಲೇ ಇತ್ತು. ಅವರೇ ಮಾಡಿದರು.

"ಕದರಮ್ಮ, ನಾನು ಕಣಮ್ಮ, ಕಲ್ಲಮ್ಮ. ನಿಮ್ಮನೇಲಿ ಚೇಳು," ಅಂದರು. ನಿಂತರು. ಗಂಟಲು ಸರಿಮಾಡಿಕೊಂಡರು. "ಚೇಳುಮೀನು ಇದ್ರೆ ಒಂದು ತಗೊಂಬಾ. ಬೇಗ ಬಾರಮ್ಮ, ನಮ್ ಮಗು ಆಸ್ಪತ್ರೇಲೈತೆ."

ಅಷ್ಟರಲ್ಲಿ ಬಿಸಿನೀರು ಬಂತು. ತಡೆದುಕೊಳ್ಳುವಷ್ಟು ಬಿಸಿ ಇರಬೇಕು, ಆದರೆ ಮಗುವಿಗೆ ನೋವಿನಲ್ಲಿ ಸುಡುವುದು ಗೊತ್ತಾಗುವುದಿಲ್ಲ, ನೀವು ನಿಮ್ಮ ಕೈಯನ್ನೂ ಜೊತೆಗೆ ಇಟ್ಟುಕೊಳ್ಳಿ ಅಂದರು ಡಾಕ್ಟರು. ಬೇಸಿನ್ನಿನಲ್ಲಿ ಅವಳ ಊದಿದ ಕೈಯನ್ನು ನನ್ನ ಅಂಗೈಯ ಮೇಲೆ ಇಟ್ಟುಕೊಂಡು ಮುಳುಗಿಸಿದೆ. ಬೆಳಗಿನ ರಾಗಿ ಹಿಟ್ಟು ನನ್ನ ಉಗುರುಸಂದಿಯಿಂದ ಬಿಟ್ಟು ನೀರಿನಲ್ಲಿ ತೇಲಿತು. ಅವಳು ಮೊದಲು ಹಲ್ಲು ಕಚ್ಚಿದಳು. ಕಾದೆ. ಅವಳ ಹೆಗಲು ಕಿವಿಯ ಹತ್ತಿರಕ್ಕೆ ಏರಿತ್ತು. ನೀರು ಆರಿದಂತೆ ನರ್ಸಮ್ಮ ಮತ್ತೆ ಬಿಸಿ ಬೆರೆಸಿದರು. ಆ ಹೆಗಲು ನಿಧಾನವಾಗಿ, ಸಂಜೆ ಕೋಳಿ ರೆಕ್ಕೆ ಇಳಿಬಿಟ್ಟ ಹಾಗೆ, ಕೆಳಗೆ ಇಳಿಯಿತು.

"ಹಂಗೇ ಇಡಮ್ಮ," ಅಂದಳು.

ಭಯ ಹೋಯಿತಾ ಅಂದರೆ ಹೋಗಲಿಲ್ಲ. ಬಿ.ಪಿ. ಇನ್ನೂ ಏರಿರಲಿಲ್ಲ. ಆ್ಯಂಬುಲೆನ್ಸ್ ಬಂದು ಹೊರಗೆ ನಿಂತಿತು, ಡ್ರೈವರು ಇಳಿದು ಒಳಗೆ ಇಣುಕಿದ. ಡಾಕ್ಟರು ಬಾಗಿಲ ಕಡೆ ನೋಡುತ್ತಿದ್ದರು, ನಾನೂ ನೋಡುತ್ತಿದ್ದೆ. ಮಗು ಕಂಡದ್ದು ಒಂದು, ಹೊಡೆದದ್ದು ಇನ್ನೊಂದು ಆಗಿದ್ದರೆ? ಮೀನನ್ನು ನೋಡಿ ಬಂದು ನಮ್ಮ ಸೌದೆಯ ಹತ್ತಿರ ನಿಜವಾದ ಚೇಳಿಗೆ ಕೈ ಇಟ್ಟಿದ್ದರೆ? ಆ ಯೋಚನೆ ಬಂದಮೇಲೆ ಬಿಸಿನೀರಿನಲ್ಲೂ ನನ್ನ ಕೈ ತಣ್ಣಗಾಯಿತು. ಇನ್ನೊಂದು ಕೈಯಲ್ಲಿ ಅವಳ ಹಣೆ ಮುಟ್ಟುತ್ತಲೇ ಇದ್ದೆ.

ಕದರಮ್ಮ ಬಂದಳು. ಕೈಯಲ್ಲಿ ಪ್ಲಾಸ್ಟಿಕ್ ಬಕೆಟ್ಟು, ಅದರ ಮೇಲೆ ಒದ್ದೆ ಗೋಣಿಚೀಲ. ಬಾಗಿಲಿಂದಾಚೆಯೇ ನಿಂತುಬಿಟ್ಟಳು. ಅವಳ ಮುಖ ನಮ್ಮ ಮುಖಕ್ಕಿಂತ ಬಿಳಿಚಿತ್ತು. ಈಗಷ್ಟೇ ಮನೆಗೆ ಫೋನು ಮಾಡಿ ಅರುಣಾಳನ್ನು ಕೇಳಿದೆ ಅಂದಳು. ಆ ಹುಡುಗಿ ಭಯಕ್ಕೆ ಬೆಳಗಿನಿಂದ ಮಂಚದ ಕೆಳಗೆ ಸೇರಿಕೊಂಡಿದೆಯಂತೆ. ಭೂಮಿಕಾಗೆ ಹೊಡೆದದ್ದು ಹೌದಂತೆ, ಅರುಣಾನೇ ಮೀನನ್ನು ಬೆರಳಿನಿಂದ ಕಿತ್ತು ಎಸೆದಳಂತೆ. ಹೇಳುತ್ತಾ ಕದರಮ್ಮ ಅತ್ತೆಯ ಕಡೆ ಒಂದು ಸಲವೂ ನೋಡಲಿಲ್ಲ.

"ನಾನು ಮನೇಲಿರ್ಲಿಲ್ಲ ಕಲ್ಲಮ್ಮೋರೇ. ನಮ್ ಮೇಲೆ ಏನೂ ಕಂಪ್ಲೇಂಟು ಕೊಡ್ಬ್ಯಾಡ್ರಿ," ಅಂದಳು.

ಅತ್ತೆ ಎದ್ದು ಹೋಗಿ, ಬಕೆಟ್ಟು ಹಿಡಿದಿದ್ದ ಅವಳ ಮೊಣಕೈ ಹಿಡಿದು ಒಳಗೆ ಕರಕೊಂಡು ಬಂದರು.

ನಾನು ಅಷ್ಟು ಹತ್ತಿರದಿಂದ ಮೀನು ನೋಡಿದ್ದು ಅದೇ ಮೊದಲು. ಬಕೆಟ್ಟಿನಲ್ಲಿ ನೀರೇ ಇರಲಿಲ್ಲ. ಒದ್ದೆ ಗೋಣಿ ಸರಿಸಿದಾಗ ತಳದಲ್ಲಿ ಮಡಕೆ ಬಣ್ಣದ್ದೊಂದು ಮಲಗಿತ್ತು. ಹುರುಪೆಯಿಲ್ಲದ ನುಣ್ಣನೆ ಮೈ, ಚಪ್ಪಟೆ ತಲೆ, ಬಾಯಿಯ ಸುತ್ತ ದಾರದಂಥ ಮೀಸೆ. ಎಣಿಸಿದೆ, ಎಂಟು. ಸತ್ತಿದೆ ಅಂದೆ. ಕದರಮ್ಮ ಇಲ್ಲ ಅಂದಳು, ಗೋಣಿ ಒದ್ದೆಯಿದ್ದರೆ ಸಂಜೆಗಂಟ ಇರ್ತದೆ ಅಂದಳು. ಡಾಕ್ಟರು ಪೆನ್ನಿನ ತುದಿಯಿಂದ ಅದರ ಹೆಗಲು ಮುಟ್ಟಿದರು. ಎರಡು ಪಕ್ಕದಲ್ಲೂ ರೆಕ್ಕೆಯ ಮುಂದಿನ ಮುಳ್ಳು ಟಕ್ಕನೆ ಹೊರಕ್ಕೆ ನೆಟ್ಟಗೆ ನಿಂತಿತು. ಪೆನ್ನಿನಿಂದ ಒತ್ತಿದರು. ಮಡಚಲಿಲ್ಲ. ಬುಡದ ಕೀಲಿನಲ್ಲಿ ಚಿಲಕ ಹಾಕಿಕೊಂಡ ಹಾಗೆ ಇರುತ್ತೆ, ಅದಾಗಿ ಅದು ತೆಗೆಯಬೇಕು ಅಂದರು. ನುಂಗಲು ಬಂದ ಕೊಕ್ಕರೆಯ ಗಂಟಲಿಗೆ ಅಡ್ಡ ನಿಲ್ಲಲಿ ಅಂತ ಈ ಏರ್ಪಾಡು. ಮುಳ್ಳಿನ ಅಂಚಿಗೆ ಕುಡುಗೋಲಿನ ಹಾಗೆ ಹಿಂದಕ್ಕೆ ಬಾಗಿದ ಹಲ್ಲು. ಹೋಗುವಾಗ ಸಲೀಸು, ಬರುವಾಗ ಹರಿದುಕೊಂಡು ಬರುತ್ತೆ. ರಕ್ತ ಬಂದದ್ದು ಅದಕ್ಕೆ.

ಆ್ಯಂಬುಲೆನ್ಸ್ ಡ್ರೈವರಿಗೆ ಸ್ವಲ್ಪ ಇರಪ್ಪ ಅಂದರು ಡಾಕ್ಟರು. ಎಕ್ಸ್‌ರೇ ತೆಗೆಸಿದರು. ಬೆಳಕಿಗೆ ಹಿಡಿದು ನನ್ನನ್ನು ಕರೆದರು. ಭೂಮಿಕಾಳ ಕೈ ಕಂಡಿತು. ಅವಳ ಬೆರಳೊಳಗಿನ ಮೂಳೆಗಳನ್ನು ನಾನು ನೋಡಿದ್ದೂ ಆವತ್ತೇ. ಕೀಲಿನ ಹತ್ತಿರ ಇನ್ನೂ ಪೂರ್ತಿ ಕೂಡಿಕೊಂಡಿರದ ಎಳೆ ಮೂಳೆಗಳು. ತೋರುಬೆರಳಿನ ಬುಡದಲ್ಲಿ, ಅವುಗಳ ಪಕ್ಕದಲ್ಲೇ, ಅಕ್ಕಿನುಚ್ಚಿನಷ್ಟು ಒಂದು ಬಿಳಿ ಚೂರು ಓರೆಯಾಗಿ ನಿಂತಿತ್ತು. ಅದೂ ಅಷ್ಟೇ ಬೆಳ್ಳಗಿತ್ತು.

"ಇದು ಅವಳ ಮೂಳೆ ಅಲ್ಲ, ಮೀನಿಂದು," ಅಂದರು ಡಾಕ್ಟರು. "ಚೇಳಾಗಿದ್ರೆ ಇಲ್ಲಿ ಏನೂ ಕಾಣ್ತಿರ್ಲಿಲ್ಲ."

ಅಲ್ಲೇ ಸ್ಟೂಲಿನ ಮೇಲೆ ಕೂತೆ. ಬೆಳಗಿನಿಂದ ಗುಬ್ಬಿಯ ಜಗಲಿಯಲ್ಲಿದ್ದೆ ನಾನು. ಅಲ್ಲಿಂದ ಎದ್ದು ಬರಲು ಅಷ್ಟು ಹೊತ್ತು ಬೇಕಾಯಿತು.

ಬೆರಳಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಆ ಚೂರನ್ನು ತೆಗೆದರು. ಅಷ್ಟು ಹೊತ್ತೂ ಭೂಮಿಕಾ ಬಕೆಟ್ಟಿನ ಕಡೆಯೇ ನೋಡುತ್ತಿದ್ದಳು. ನೀರಿಲ್ಲದೆ ಅದು ಹೇಗೆ ಉಸಿರಾಡುತ್ತೆ ಅಂತ ಡಾಕ್ಟರನ್ನು ಕೇಳಿದಳು. ಅವರು ಗಾಯದ ಮೇಲಿನ ಕಣ್ಣು ತೆಗೆಯದೆ ಹೇಳಿದರು. ಕಿವಿರಿನ ಹಿಂದಿನಿಂದ ಬಾಲದ ಕಡೆಗೆ ಬೆನ್ನುದ್ದಕ್ಕೂ ಎರಡು ಗಾಳಿಚೀಲ ಇವೆ, ಕೆರೆ ಬತ್ತಿ ಕೆಸರಾದಾಗ ಅದು ಬಾಯಿ ಮೇಲೆತ್ತಿ ಗಾಳಿ ಕುಡಿಯುತ್ತೆ, ಕೆಸರಿನಲ್ಲಿ ಕಣ್ಣು ಕಾಣಲ್ಲ, ಮೀಸೆಯಿಂದ ತಡಕಿ ಊಟ ಹುಡುಕುತ್ತೆ. ನೀನು ಮುಟ್ಟಿದೆಯಲ್ಲ, ಅದೇ ಮೀಸೆ. ಕೊಕ್ಕರೆ ಬಂತು ಅಂದುಕೊಂಡಿರುತ್ತೆ ಪಾಪ.

"ನಂಗಿಂತ ಜಾಸ್ತಿ ಹೆದ್ರಿತ್ತಾ?" ಅಂದಳು.

"ಹೂಂ ಕಣಮ್ಮ," ಅಂದರು. "ನಮ್ಮೆಲ್ಲರಿಗಿಂತ ಜಾಸ್ತಿ."

ದೀಪ ಹಚ್ಚುವ ಹೊತ್ತಿಗೆ ಬಿ.ಪಿ. ಸರಿಹೋಗತೊಡಗಿತು. ಆ್ಯಂಬುಲೆನ್ಸ್ ಖಾಲಿ ಹೋಯಿತು. ಅದು ಹಿಂದಕ್ಕೆ ತಿರುಗಿಸಿಕೊಳ್ಳುವಾಗ ಬಂದ ಸದ್ದು ಕೇಳಿ ನನಗೆ ಅಳು ಬಂತು. ಆವರೆಗೂ ಅತ್ತಿರಲಿಲ್ಲ. ಇವರೂ ಬೈಕಿನಲ್ಲಿ ಬಂದರು, ಹೆಲ್ಮೆಟ್ಟು ತೆಗೆಯುವುದನ್ನೂ ಮರೆತು ಒಳಗೆ ಬಂದು ಮಗುವನ್ನು ನೋಡುತ್ತಾ ನಿಂತರು. ನಡೆದದ್ದೆಲ್ಲ ಹೇಳಿದೆ. ಮೀಸೆಯ ಮಾತು ಬಂದಾಗ ನಗಲು ಹೋಗಿ ಅವರಿಗೂ ಆಗಲಿಲ್ಲ.

ಕದರಮ್ಮ ಬಕೆಟ್ಟು ಎತ್ತಿಕೊಂಡು ಹೊರಟಳು. ಅತ್ತೆ ಅವಳ ಹಿಂದೆ ಬಾಗಿಲವರೆಗೂ ಹೋದರು. ನಾಳೆ ಅರುಣಾನ್ನ ಕರಕೊಂಡು ಬಾ, ಆ ಹುಡುಗಿ ಊಟ ಮಾಡಿದೆಯೋ ಇಲ್ಲವೋ ಅಂದರು. ಆಮೇಲೆ, ಬೈಯುವ ದನಿಯಲ್ಲೂ ಅಲ್ಲ, ಬೇಡುವ ದನಿಯಲ್ಲೂ ಅಲ್ಲ, ಎರಡರ ನಡುವೆ ಹೇಳಿದರು:

"ಇನ್ಮೇಲೆ ಅದರ ಪೂರ್ತಿ ಹೆಸರು ಹೇಳ್ರಮ್ಮ. ಅರ್ಧ ಹೆಸರು ಹೇಳಿ ನಮ್ ಜೀವ ತೆಗೆದ್ರಿ."

ಕದರಮ್ಮ ಮೊದಲ ಸಲ ಅವರ ಮುಖ ನೋಡಿದಳು.

"ಇನ್ನರ್ಧನ ನೀವೇ ಒಳಕ್ಕೆ ಬುಡ್ತಿರ್ಲಿಲ್ವಲ್ಲ ಅಮ್ಮಾರೆ," ಅಂದಳು.

ಅತ್ತೆಗೆ ಕೋಪ ಬರುತ್ತೆ ಅಂದುಕೊಂಡೆ. ಬರಲಿಲ್ಲ. ಅವರು ಅವಳ ಕೈಯಿಂದ ಬಕೆಟ್ಟು ಇಸಿದುಕೊಂಡು ಮೆಟ್ಟಿಲಿಳಿಯುವವರೆಗೂ ಹಿಡಿದುಕೊಂಡರು. ಕದರಮ್ಮನ ಮೊಣಕಾಲು ನೋವು ಅವರಿಗೆ ಗೊತ್ತು. ಕೆಳಗೆ ಇಳಿಸಿ ಕೊಟ್ಟು ಬಂದರು.

ರಾತ್ರಿ ಅಲ್ಲೇ ಇರಬೇಕು ಅಂದಿದ್ದರು ಡಾಕ್ಟರು, ಮಾತ್ರೆಯ ಪ್ರಭಾವ ಪೂರ್ತಿ ಇಳಿಯಲಿ ಅಂತ. ಅತ್ತೆ ಮಗುವಿನ ಕಾಲ ಹತ್ತಿರ ಕೂತು ಪಾದ ಒತ್ತುತ್ತಿದ್ದರು. ಭೂಮಿಕಾಗೆ ನಿದ್ದೆ ಬರುತ್ತಿತ್ತು. ಆದರೆ ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು.

"ಅಜ್ಜಿ, ಮೀನು ಅಂದ್ರೆ ಬೈತೀಯಾ?"

"ಇಲ್ಲ ಕಣವ್ವ."

ಅವಳು ಸ್ವಲ್ಪ ಹೊತ್ತು ಕಾದಳು.

"ಮೀನು," ಅಂದಳು, ಮೆತ್ತಗೆ. ಅಜ್ಜಿ ಪಾದ ಒತ್ತುತ್ತಲೇ ಇದ್ದರು. ಮತ್ತೆ, ಇನ್ನೊಂಚೂರು ಜೋರಾಗಿ, "ಮೀನು," ಅಂದಳು.

"ಹೂಂ, ಮೀನು," ಅಂದರು ಅತ್ತೆ. "ಮಲಕ್ಕೋ."

ಅವಳು ಕಣ್ಣು ಮುಚ್ಚಿದಳು. ನಾನು ಹಣೆ ಮುಟ್ಟಿ ನೋಡಿದೆ. ಒಣಗಿತ್ತು, ಬೆಚ್ಚಗಿತ್ತು. ಕೈ ತೆಗೆದೆ. ಮತ್ತೆ ಒಂದು ಸಲ ಇಟ್ಟು ನೋಡಿದೆ.